ಅತ್ತೆ ಮುಖದ ದೇವದೂತ

ಸ್ಟಾಕ್‌ಹೋಮಿನ ಪ್ರೆಸ್ಟ್‌ಗಾತನ್ ಓಣಿಯಲ್ಲಿ ಎಸ್ಕಿಲ್ ಬ್ರಾಂಟ್ ಎಂಬ ಕನ್ನಡಿ ಕೆಲಸಗಾರನಿದ್ದ. ಕಸುಬು ಕನ್ನಡಿಯದಾದರೂ ಅವನ ಮನೆಯಲ್ಲಿ ಯಾರೂ ಮುಖ ನೋಡಿಕೊಳ್ಳುವಂತಿರಲಿಲ್ಲ. ಇದ್ದಬದ್ದ ಕನ್ನಡಿಗಳೆಲ್ಲ ಪಾಠ ಒಪ್ಪಿಸದ ಹುಡುಗರ ಹಾಗೆ ಗೋಡೆಗೆ ಮುಖ ಮಾಡಿಕೊಂಡು ನಿಂತಿರುತ್ತಿದ್ದವು. ಹಾಗೆ ನಿಲ್ಲಿಸಿದವಳು ಅವನ ಅತ್ತೆ ಸಿಗ್ರಿದ್.

ಸಿಗ್ರಿದ್ ಮುಂಕ್‌ಬ್ರೂ ಕಟ್ಟೆಯಲ್ಲಿ ಮೀನು ಮಾರುವವಳು. ಅವಳು ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸಿ ತಮ್ಮನ್ನೇ ಬೈದಳೇನೋ ಎಂದು ತಿರುಗಿ ನೋಡುತ್ತಿದ್ದರು. ಅವಳ ಗಂಡ ಆಂಡರ್ಸ್ ಕಡಲಲ್ಲಿ ಮುಳುಗಿದನೆಂಬ ಸುದ್ದಿ ಬಂದಾಗ ಮಗಳು ಕಾಯ್ಸಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಸಾವಿನ ಮನೆಯ ಪದ್ಧತಿಯಂತೆ ಸಿಗ್ರಿದ್ ಅಂದು ಮನೆಯ ಕನ್ನಡಿಗೆ ಬಟ್ಟೆ ಮುಚ್ಚಿದಳು. ಬೇರೆಯವರು ಮಣ್ಣು ಮಾಡಿ ಬಂದ ಮೇಲೆ ಆ ಬಟ್ಟೆ ತೆಗೆಯುತ್ತಾರೆ. ಆಂಡರ್ಸ್‌ನ ಹೆಣವೇ ಸಿಗಲಿಲ್ಲ, ಮಣ್ಣು ಮಾಡಲಿಲ್ಲ. ಸಿಗ್ರಿದ್ ಬಟ್ಟೆ ತೆಗೆಯಲೂ ಇಲ್ಲ. ಕೇಳಿದವರಿಗೆ ಮಾತ್ರ ಬೇರೆಯೇ ಕಾರಣ ಹೇಳುತ್ತಿದ್ದಳು: "ಕನ್ನಡಿ ಹಿಂದೆ ಸೈತಾನ ಕೂತಿರ್ತಾನೆ ಕಣ್ರೀ. ಅವನಿಗೆ ನನ್ನ ಮುಖ ತೋರ್ಸಿ ಹೆದರ್ಸೋದು ಯಾಕೆ, ಪಾಪ."

ಇಂಥವಳ ಮಗಳನ್ನು ಒಬ್ಬ ಕನ್ನಡಿ ಕೆಲಸಗಾರ ಮದುವೆಯಾದದ್ದು ಓಣಿಯವರಿಗೆಲ್ಲ ನಗೆಯ ವಿಷಯವಾಗಿತ್ತು. ಮದುವೆಯಾದ ಮೇಲೆ ಅತ್ತೆಯೂ ಮೀನಿನ ಬುಟ್ಟಿಯ ಸಮೇತ ಅಳಿಯನ ಮನೆಗೇ ಬಂದಳು. ಎಸ್ಕಿಲ್ ಒಳ್ಳೆಯವನು. ಬಾಯಿಗಿಂತ ಕೈ ಮುಂದು. ಅತ್ತೆ ಏನೆಂದರೂ "ಆಗ್ಲಿ ಅತ್ತೆ" ಎನ್ನುವುದನ್ನು ರೂಢಿಸಿಕೊಂಡಿದ್ದರಿಂದ ಮನೆ ನಡೆಯುತ್ತಿತ್ತು.

ಆ ವರ್ಷ ಎಸ್ಕಿಲ್‌ಗೆ ಮೇಸ್ತ್ರಿಯಾಗುವ ಅವಕಾಶ ಬಂತು. ಮೇಸ್ತ್ರಿಯಾಗದೆ ಯಾವ ಕನ್ನಡಿಯ ಬೆನ್ನಿಗೂ ತನ್ನ ಮುದ್ರೆ ಒತ್ತುವಂತಿಲ್ಲ, ಬಾಗಿಲಿಗೆ ತನ್ನ ಹೆಸರಿನ ಹಲಗೆ ಹಾಕುವಂತಿಲ್ಲ. ಅದಕ್ಕೆ ಕಸುಬುದಾರರ ಸಂಘದ ಹಿರಿಯರ ಮುಂದೆ ತಾನೊಬ್ಬನೇ ಮಾಡಿದ ಒಂದು ಕನ್ನಡಿಯನ್ನು ಇಡಬೇಕು. ಗಾಜಿಗೆ ತವರದ ಹಾಳೆ ಹಾಸಿ ಪಾದರಸ ಹತ್ತಿಸುವುದು, ಚೌಕಟ್ಟು ಕೂಡಿಸುವುದು, ಅದಕ್ಕೆ ಚಿನ್ನದ ರೇಕು ಹೊದಿಸುವುದು, ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಕನ್ನಡಿಯ ನೆತ್ತಿಯ ಮೇಲೆ ಎರಡು ರೆಕ್ಕೆಗಳ ನಡುವೆ ಒಂದು ದೇವದೂತನ ಮುಖ ಇರಬೇಕೆಂದು ಸಂಘದ ಯಜಮಾನ ಥುನ್ಮನ್ ಮೇಸ್ತ್ರಿ ಅಪ್ಪಣೆ ಕೊಡಿಸಿದ್ದ.

ಎಲೆ, ಬಳ್ಳಿ, ಚಿಪ್ಪುಗಳೆಂದರೆ ಎಸ್ಕಿಲ್‌ನ ಉಳಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡುತ್ತಿತ್ತು. ಮುಖ ಮಾತ್ರ ಅವನು ಹಿಂದೆಂದೂ ಕೆತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಮಣೆ ಎಳೆದುಕೊಂಡು, ಲಿಂಡೆನ್ ಮರದ ತುಂಡೊಂದನ್ನು ಮುಂದಿಟ್ಟುಕೊಂಡು ಕುಳಿತ. ಅದೇ ಬೆಳಕಿಗೆ ಎದುರುಗಡೆ ಅತ್ತೆ ಬುಟ್ಟಿ ಇಟ್ಟುಕೊಂಡು ಹೆರಿಂಗ್ ಮೀನಿನ ಹೊಟ್ಟೆ ಸೀಳುತ್ತ ಕುಳಿತಳು. ಅವನ ಕಣ್ಣು ಮರದಿಂದ ಎದ್ದಾಗಲೆಲ್ಲ ಹೋಗಿ ಬೀಳುತ್ತಿದ್ದದ್ದು ಅವಳ ಮೇಲೆ.

"ಏನ್ ಅಳಿಯಂದ್ರೇ, ಬೆಳಗಿಂದ ಆ ಕೊರಡನ್ನ ಕೆರೀತಾನೇ ಇದ್ದೀರಿ. ಅದಕ್ಕೇನು ತುರಿಕೆಯಾ?"

"ದೇವದೂತ ಅತ್ತೆ. ಮುಖ ಕೆತ್ತಾ ಇದ್ದೀನಿ."

"ದೇವದೂತನ್ನ ನೋಡಿದ್ದೀರೋ?"

"ಎಲ್ಲಿ ನೋಡ್ಲಿ ಅತ್ತೆ."

"ಮತ್ತೆ? ನೋಡ್ದೇ ಇರೋದನ್ನ ಹ್ಯಾಗೆ ಕೆತ್ತೋದು? ನಾನೇನು ಕಾಣದ ಮೀನು ಮಾರ್ತೀನಾ?"

"ಆಗ್ಲಿ ಅತ್ತೆ" ಎಂದು ಎಸ್ಕಿಲ್ ತಲೆ ತಗ್ಗಿಸಿದ.

ಮುಖ ಮುಗಿದ ದಿನ ಕಾಯ್ಸಾ ಅಡಿಗೆಮನೆಯಿಂದ ಬಂದು ನೋಡಿದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡಿಗೆಬಟ್ಟೆಯಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಕಟ್ಟೆಗೆ ಹೋಗಿದ್ದಳಾದರೂ ಕಾಯ್ಸಾ ಪಿಸುದನಿಯಲ್ಲೇ ಕೇಳಿದಳು: "ಇದು ಯಾರು ಅಂತ ಗೊತ್ತಾ ನಿಮಗೆ?"

"ದೇವದೂತ."

"ದೇವದೂತನೂ ಇಲ್ಲ, ದೆವ್ವದೂತನೂ ಇಲ್ಲ. ಅಮ್ಮ!"

ಎಸ್ಕಿಲ್ ಮರದ ಮುಖವನ್ನು ದೂರ ಹಿಡಿದ, ಹತ್ತಿರ ಹಿಡಿದ. ಹೌದು. ಅಗಲ ಮೂಗು, ಉಬ್ಬಿದ ಕೆನ್ನೆ, ಒಂದರ ಮೇಲೊಂದು ಕೂತ ಎರಡು ಗದ್ದ. ಬಾಯಿ ಅರ್ಧ ತೆರೆದಿತ್ತು. ಸ್ತೋತ್ರ ಹಾಡಲೆಂದು ಅವನು ತೆರೆದಿಟ್ಟ ಬಾಯಿ ಈಗ "ನಿನ್ನೆ ಮೀನಾ? ಯಾವನು ಅಂದಿದ್ದು ನಿನ್ನೆ ಮೀನು ಅಂತ?" ಎಂದು ಕೇಳುವ ಹಾಗಿತ್ತು.

ಅದನ್ನು ಒಲೆಗೆ ಹಾಕಿ ಇನ್ನೊಂದು ತುಂಡು ತೆಗೆದುಕೊಂಡ. ಈ ಸಲ ಹಟದಿಂದ ಕೆನ್ನೆಯನ್ನು ಒಳಕ್ಕೆ ಕೆತ್ತಿದ. ಹಲ್ಲುನೋವು ಬಂದ ಸಿಗ್ರಿದ್ ಆದಳು. ಮೂರನೆಯ ಸಲ ಜಾಣತನ ಮಾಡಿ, ಅತ್ತೆಗೆ ಬೆನ್ನು ತಿರುಗಿಸಿ ಕುಳಿತು, ಹೆಂಡತಿಯನ್ನೇ ಎದುರಿಗೆ ಕೂರಿಸಿಕೊಂಡ. ಕಾಯ್ಸಾ ಹೊಸ ಟೋಪಿ ಹಾಕಿಕೊಂಡು, ಕೆನ್ನೆ ಚಿವುಟಿ ಕೆಂಪು ಮಾಡಿಕೊಂಡು, ಎರಡು ದಿನ ಅಲ್ಲಾಡದೆ ಕುಳಿತಳು. ಕೆತ್ತಿ ಮುಗಿಸಿ ತೋರಿಸಿದರೆ ಅದೇ ಮೂಗು, ಅದೇ ಗದ್ದ.

"ಅಂದ್ರೆ ನಿಮ್ಮ ಕಣ್ಣಿಗೆ ನಾನು ಹೀಗೆ ಕಾಣ್ತೀನಿ!"

"ಇಲ್ಲ ಕಾಯ್ಸಾ, ಉಳಿ ಕಣೇ, ಉಳಿ ತಾನಾಗಿ ಆ ಕಡೆ..."

"ಉಳಿಗೇ ಸಾರು ಬಡಿಸ್ತೀನಿ, ಅದೇ ಉಣ್ಣಲಿ."

ಗುರುವಾರ ಬಂತೆಂದರೆ ಮನೆಮನೆಯಲ್ಲೂ ಬಟಾಣಿ ಸಾರು ಮಾಡುವುದು ಆ ಊರಿನ ರೂಢಿ. ಆ ಗುರುವಾರ ಊರಿಗೆಲ್ಲ ಸಾರು, ಎಸ್ಕಿಲ್‌ಗೆ ಒಣ ರೊಟ್ಟಿ. ಅದನ್ನು ಅಗಿಯುತ್ತ ಕುಳಿತು ಯೋಚಿಸಿದ. ಇನ್ನೊಂದು ಮುಖ ಕೆತ್ತಲು ಸಮಯವಿಲ್ಲ, ಕೆತ್ತಿದರೂ ಅದೇ ಆಗುತ್ತದೆ. ಸಂಘದ ಹಿರಿಯರು ದೊಡ್ಡ ಮನುಷ್ಯರು, ತಾವೇ ಹೋಗಿ ಮೀನು ಕೊಳ್ಳುವವರಲ್ಲ. ಅವರಿಗೆ ಸಿಗ್ರಿದ್‌ಳ ಗುರುತು ಎಲ್ಲಿಂದ ಹತ್ತಬೇಕು? ಧೈರ್ಯ ಮಾಡಿ ಅದೇ ಮುಖಕ್ಕೆ ಬಿಳಿಮಣ್ಣಿನ ಅಂಟು ಬಳಿದ, ಕೆಂಪು ಜೇಡಿ ಸವರಿದ, ಉಸಿರು ಬಿಗಿಹಿಡಿದು ಚಿನ್ನದ ರೇಕು ಕೂರಿಸಿದ, ನುಣುಪು ಕಲ್ಲಿನಿಂದ ಉಜ್ಜಿದ. ಅತ್ತೆಯ ಎರಡು ಗದ್ದವೂ ಫಳಫಳ ಹೊಳೆದವು.

ಸಿಗ್ರಿದ್ ಅಲ್ಲಿಯವರೆಗೆ ಆ ಕೊರಡಿನ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಅದು ಸೋಮಾರಿಗಳ ಕೆಲಸ ಎಂಬುದು ಅವಳ ಅಭಿಪ್ರಾಯ. ಅಂದು ಸಂಜೆ ಬುಟ್ಟಿ ಇಳಿಸಿ ತಿರುಗಿದವಳು ಹೊಳಪಿಗೆ ಕಣ್ಣು ಕೀಲಿಸಿ ನಿಂತಳು. ಎಸ್ಕಿಲ್ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ. ಕಾಯ್ಸಾ ಮೇಜಿನ ಮೇಲಿದ್ದ ಮೀನು ಕತ್ತಿಯನ್ನು ಮೆಲ್ಲಗೆ ತೆಗೆದು ಹಿಂದೆ ಅಡಗಿಸಿಕೊಂಡಳು.

"ಅಮ್ಮಾ" ಎಂದಳು ಸಿಗ್ರಿದ್.

ಮಗಳನ್ನಲ್ಲ ಕರೆದದ್ದು. ಕೈಯಲ್ಲಿದ್ದ ಮೀನಿನ ಪೊರೆ ಒರೆಸಿಕೊಂಡು ಮರದ ಕೆನ್ನೆ ಮುಟ್ಟಿದಳು. "ನಮ್ಮಮ್ಮ ಕಣೇ ಕಾಯ್ಸಾ! ನಿಮ್ಮಜ್ಜಿ! ಥೇಟು ಇದೇ ಮೂಗು. ಸಿಟ್ಟು ಬಂದಾಗ ಬಾಯಿ ಹೀಗೇ ತೆಗೀತಿದ್ಲು." ಅವಳ ಕಣ್ಣಲ್ಲಿ ನೀರು ಕಂಡು ಗಂಡಹೆಂಡಿರಿಬ್ಬರೂ ಬೆಪ್ಪಾದರು. "ಅಳಿಯಂದ್ರೇ, ನೀವು ಅವಳನ್ನ ನೋಡೇ ಇಲ್ವಲ್ಲ, ಹ್ಯಾಗೆ ಮಾಡಿದ್ರಿ?"

ಎಸ್ಕಿಲ್ ಹೆಂಡತಿಯ ಮುಖ ನೋಡಿದ. ಕಾಯ್ಸಾ ಹೇಳಬೇಡಿ ಎಂಬಂತೆ ತಲೆಯಾಡಿಸಿದಳು.

"ಹಾಗೇ... ಬಂತು ಅತ್ತೆ."

"ದೇವರು ಕೈ ಹಿಡಿದು ಮಾಡ್ಸಿದಾನೆ. ಇಷ್ಟು ದಿನ ನಿಮ್ಮನ್ನ ದಂಡಪಿಂಡ ಅಂದ್ಕೊಂಡಿದ್ದೆ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ದೊಡ್ಡದಾದ ಮೀನನ್ನು ಹುರಿದು ಅಳಿಯನಿಗೆ ಬಡಿಸಿದಳು. ಮದುವೆಯಾದಂದಿನಿಂದ ಎಸ್ಕಿಲ್ ಅಷ್ಟು ಮರ್ಯಾದೆ ಕಂಡಿರಲಿಲ್ಲ. ತಪ್ಪು ಮಾಡಿದವನ ಹಾಗೆ ಮುಳ್ಳು ಆರಿಸುತ್ತ ತಿಂದ.

ಪರೀಕ್ಷೆಯ ದಿನ ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ ಸಂಘದ ಮನೆಗೆ ಸಾಗಿಸಿ ಗೋಡೆಗೆ ತೂಗಿಸಿದ್ದಾಯಿತು. ನೋಡಲು ಕುಳಿತವರು ಇಬ್ಬರು. ಒಬ್ಬ ಬೂಲಿನ್ ಮೇಸ್ತ್ರಿ: ದುಂಡಗಿನ, ಅರೆಗಿವುಡ ಮುದುಕ, ಎಲ್ಲಕ್ಕೂ ನಗುವವನು. ಇನ್ನೊಬ್ಬ ಯಜಮಾನ ಥುನ್ಮನ್: ಹೆಂಡತಿ ಸತ್ತು ವರ್ಷಗಳಾಗಿದ್ದ, ಪುಡಿ ಹಾಕಿದ ಬಿಳಿ ಕೃತಕಗೂದಲಿನ, ಕಡ್ಡಿ ನುಂಗಿದವನಂತೆ ಕೂರುವ ಮನುಷ್ಯ. ಥುನ್ಮನ್ ಗಾಜಿನ ಮೇಲೆ ಬೆರಳಾಡಿಸಿ ಹೂಂ ಎಂದ. ಚೌಕಟ್ಟಿನ ಸಂದುಗಳನ್ನು ನೋಡಿ ಹೂಂ ಎಂದ. ಬಳ್ಳಿಯ ಕೆತ್ತನೆ ನೋಡಿ "ಭೇಷ್" ಎಂದೂ ಅಂದ. ಆಮೇಲೆ ಕತ್ತೆತ್ತಿದ.

ಅವನ ಮುಖದ ಬಣ್ಣ ಕೃತಕಗೂದಲಿನ ಬಣ್ಣಕ್ಕೆ ಸರಿಹೋಯಿತು. ಕತ್ತಿನ ಪಟ್ಟಿಯೊಳಗೆ ಬೆರಳು ತೂರಿಸಿ, ಏನೋ ಒಳಗೆ ಹರಿದಾಡುತ್ತಿದೆ ಎಂಬಂತೆ ಭುಜ ಕೊಡವಿಕೊಂಡ.

"ಈ ಮುಖ ನಡೆಯಲ್ಲ."

"ಏನು ತಪ್ಪಾಗಿದೆ ಯಜಮಾನ್ರೇ?"

"ದೇವದೂತ ಹರಸೋ ಹಾಗಿರ್ಬೇಕು. ಇದು... ಇದು ಏನೋ ಎತ್ತಿ ಎಸೆಯೋ ಹಾಗಿದೆ. ಮುಖ ಬದಲಾಯ್ಸಿಕೊಂಡು ಬಾ, ಆಮೇಲೆ ಮಾತು."

ಬೂಲಿನ್ ಕಿವಿಗೆ ಕೈ ಒಡ್ಡಿ, "ಏನಂತೆ? ನಂಗೆ ಚೆನ್ನಾಗೇ ಕಾಣುತ್ತಪ್ಪ. ಉಂಡು ಸುಖವಾಗಿರೋ ಮುಖ" ಎಂದ. ಥುನ್ಮನ್ ಕೇಳಿಸಿಕೊಳ್ಳಲಿಲ್ಲ.

ಎಸ್ಕಿಲ್ ಕನ್ನಡಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಮೂಲೆಯಲ್ಲಿ ಕುಳಿತ. ಕಾಯ್ಸಾ ಕೇಳಿದಳು, ಅವನು ಹೇಳಿದ. ಮೆಲ್ಲಗೆ ಹೇಳಬೇಕಿತ್ತು, ಬಾಗಿಲಲ್ಲಿ ಅತ್ತೆ ನಿಂತಿದ್ದದ್ದನ್ನು ಇಬ್ಬರೂ ನೋಡಿರಲಿಲ್ಲ.

"ಯಾರು ಅಂದಿದ್ದು? ನಮ್ಮಮ್ಮನ ಮುಖ ನಡೆಯಲ್ಲ ಅಂತ ಯಾರು ಅಂದಿದ್ದು?"

"ಅತ್ತೆ, ಬಿಡಿ, ಬೇರೆ ಕೆತ್ತೀನಿ..."

"ಬೇರೆ ಕೆತ್ತೋಕೆ ಅವಳೇನು ಮುರಿದ ಚಮಚಾನಾ? ಅವರಪ್ಪನ ಮನೆ ದೇವದೂತರೆಲ್ಲ ಸುಂದರಾಂಗರೋ? ನಡೀರಿ!"

ಮೈಮೇಲೆ ಶಾಲು ಎಳೆದುಕೊಂಡು ಹೊರಟೇಬಿಟ್ಟಳು. ಬುಟ್ಟಿಯನ್ನು ಕೆಳಗಿಡಲೂ ಮರೆತಿದ್ದಳು. ಎಸ್ಕಿಲ್ ಹಿಂದಿನಿಂದ "ಅತ್ತೆ, ಒಂದು ನಿಮಿಷ, ಅತ್ತೆ, ಅದು ನಿಮ್ಮಮ್ಮ ಅಲ್ಲ" ಎಂದು ಕೂಗುತ್ತ ಓಡಿದ. ಕಲ್ಲುಹಾಸಿನ ಮೇಲೆ ಅವಳ ಮರದ ಪಾದುಕೆಗಳು ಮಾಡುತ್ತಿದ್ದ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ. ಬುಟ್ಟಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತ ಹೋದದ್ದರಿಂದ ಓಣಿಯ ಬೆಕ್ಕುಗಳೂ ಜೊತೆಯಾದವು.

ಸರ್ಕಾರ ಕಾಫಿಯನ್ನು ನಿಷೇಧಿಸಿದ್ದ ಕಾಲ ಅದು. ದೊಡ್ಡವರೆಲ್ಲ ಕದ್ದು ಕುಡಿಯುತ್ತಿದ್ದರು, ಸಂಘದ ಹಿರಿಯರೂ ಅದಕ್ಕೆ ಹೊರತಲ್ಲ. ಸಂಘದ ಮನೆಯ ಕದ ದಡಾರನೆ ತೆರೆದಾಗ ಪಹರೆಯವರೇ ನುಗ್ಗಿದರೆಂದು ಬೂಲಿನ್ ತನ್ನ ಬಟ್ಟಲನ್ನು ಟೋಪಿಯೊಳಗೆ ಅಡಗಿಸಿದ. ಥುನ್ಮನ್ ಬಿಸಿ ಕಾಫಿಯ ಹೂಜಿಯ ಮೇಲೆಯೇ ಕುಳಿತ, ಮರುಕ್ಷಣ ಚುರುಕು ಮುಟ್ಟಿ ಎದ್ದ. ಎದ್ದವನು ಬಾಗಿಲಲ್ಲಿ ನಿಂತ ಸಿಗ್ರಿದ್‌ಳನ್ನು ಕಂಡು ಹಾಗೇ ಅರ್ಧಕ್ಕೆ ನಿಂತುಬಿಟ್ಟ.

"ಯಾರಯ್ಯಾ ಇಲ್ಲಿ ಯಜಮಾನ?"

"ನಾ... ನಾನು, ಸಿಗ್ರಿದ್."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಬಿಳಿಗೂದಲು, ರೇಷ್ಮೆಯ ಕೋಟು, ಬೆಳ್ಳಿಯ ಗುಂಡಿ ಇವೆಲ್ಲದರ ಕೆಳಗೆ ಏನೋ ಹುಡುಕಿದಳು.

"ಹೋಕನ್? ಹೋಕನ್ ಥುನ್ಮನ್ ಅಲ್ವೇನೋ ನೀನು? ಅಯ್ಯೋ, ಈ ಸಿಂಬೆ ಯಾವಾಗಿಂದ ತಲೆ ಮೇಲೆ?"

ಎಸ್ಕಿಲ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. "ಅತ್ತೆ, ನಿಮಗೆ ಇವ್ರು ಗೊತ್ತಾ?"

"ಗೊತ್ತಾ? ಹರೇದಲ್ಲಿ ದಿನಾ ಕಟ್ಟೆಗೆ ಬಂದು ಮೀನು ಕೊಳ್ಳೋನು. ಕೊಂಡಿದ್ದನ್ನ ಸೇತುವೆ ಮೇಲಿಂದ ನೀರಿಗೆ ಎಸೆದು ಮತ್ತೆ ಬರೋನು. ಒಂದಿನ ಜನರೆದುರಿಗೇ ಮೊಣಕಾಲೂರಿ, ನಿನ್ನ ಕಣ್ಣು ಹಾಗಿದೆ ಹೀಗಿದೆ, ಮದುವೆ ಆಗ್ತೀಯಾ ಅಂದ. ಅವತ್ತು ಗಿರಾಕಿ ಜಾಸ್ತಿ ಇದ್ರು. ಕೈಯಲ್ಲಿ ಹಾವುಮೀನು ಇತ್ತು..."

"ಸಾಕು ಸಿಗ್ರಿದ್" ಎಂದ ಥುನ್ಮನ್.

"ಕತ್ತಿನ ಪಟ್ಟಿ ಒಳಗೆ ಬಿಟ್ಟೆ. ಜೀವ ಇತ್ತು ಅದಕ್ಕೆ."

ಬೂಲಿನ್‌ಗೆ ಅರ್ಧ ಕೇಳಿಸಿತ್ತು. ಅಷ್ಟೇ ಸಾಕಾಗಿ ಅವನು ಮೇಜು ಬಡಿದು ನಕ್ಕ ರಭಸಕ್ಕೆ ಟೋಪಿ ಮಗುಚಿ ಕಾಫಿಯೆಲ್ಲ ಅವನ ತೊಡೆಗೆ ಹರಿಯಿತು.

"ಅದೆಲ್ಲ ಇರ್ಲಿ" ಎಂದಳು ಸಿಗ್ರಿದ್. "ಆ ಸಿಟ್ಟನ್ನ ನಮ್ಮಮ್ಮನ ಮೇಲೆ ತೀರ್ಸ್ಕೋತೀಯಾ? ಅವಳೇನು ಮಾಡಿದ್ಲು ನಿನಗೆ? ಎಲ್ಲಿದೆ ಅದು, ತೋರ್ಸು. ಅದರಲ್ಲಿ ಏನು ಕೊರತೆ ಇದೆ, ನನ್ನ ಮುಂದೆ ಹೇಳು."

"ನಿಮ್ಮಮ್ಮ?" ಥುನ್ಮನ್‌ಗೆ ತಲೆಬುಡ ತಿಳಿಯಲಿಲ್ಲ. ಸುಮ್ಮನೆ ಗೋಡೆಯತ್ತ ಕೈ ತೋರಿಸಿದ.

ಅವಳು ದಾಪುಗಾಲು ಹಾಕುತ್ತ ಕನ್ನಡಿಯ ಮುಂದೆ ಹೋಗಿ ನಿಂತಳು. ತಾಯಿಯ ಮುಖವನ್ನು ಕತ್ತೆತ್ತಿ ನೋಡಿ, "ಇಲ್ಲಿ ನೋಡು, ಈ ಹಣೆ ನೋಡು..." ಎಂದು ಶುರು ಮಾಡಿದಳು. ಬುಟ್ಟಿ ಭಾರವಾಗಿ ಕೈ ಬದಲಿಸಲು ಕಣ್ಣು ಕೆಳಗಿಳಿಸಿದಳು. ಬಟ್ಟೆಯಿಲ್ಲ, ಗೋಡೆಗೆ ತಿರುಗಿಸಿಲ್ಲ. ಎಸ್ಕಿಲ್ ತನ್ನ ಕೈಯಾರೆ ಪಾದರಸ ಹತ್ತಿಸಿದ ಆ ಗಾಜು ಸರೋವರದಷ್ಟು ತಿಳಿಯಾಗಿತ್ತು.

ಮಾತು ನಿಂತಿತು. ಎಸ್ಕಿಲ್ ಅವಳ ಮಾತು ನಡುವೆ ನಿಂತದ್ದನ್ನು ಕೇಳಿದ್ದು ಅದೇ ಮೊದಲು. ಅವನಿಗೆ ಹೆದರಿಕೆಯಾಯಿತು. ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು. ಮೂಗು ಮುಟ್ಟಿಕೊಂಡಳು, ಗಾಜಿನವಳೂ ಮುಟ್ಟಿಕೊಂಡಳು. ಗಂಡ ಮುಳುಗಿದ ವರ್ಷ ಅವಳು ಕಡೆಯ ಸಲ ಕಂಡ ಮುಖ ತೆಳ್ಳಗಿತ್ತು, ಕೂದಲು ಮಾಗಿದ ರೈ ಪೈರಿನ ಹೊಂಬಣ್ಣದ್ದಿತ್ತು. ಇಷ್ಟು ಕಾಲವೂ ಆ ಮುಖವನ್ನೇ ಹೊತ್ತು ತಿರುಗುತ್ತಿದ್ದೇನೆಂದು ಅವಳು ನಂಬಿದ್ದಳು.

"ಅಮ್ಮನ ಹಾಗೆ ಆಗ್ಬಿಟ್ಟಿದೀನಿ" ಎಂದಳು, ಯಾರಿಗೂ ಅಲ್ಲದ ಹಾಗೆ.

ಎಸ್ಕಿಲ್ ಬಂದು ಬುಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡ. "ಹೇಳ್ಬೇಕಿತ್ತು ಅತ್ತೆ. ಧೈರ್ಯ ಬರ್ಲಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನಾನೇ ಊರಿಗೆಲ್ಲ ಹೇಳ್ತಿದ್ದೆ. ಮುಖಕ್ಕೆ ಬೇಕು ನೋಡಿ ಅಳಿಯಂದ್ರೇ." ಆಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಕತ್ತು ಓರೆ ಮಾಡಿ, ವ್ಯಾಪಾರದ ದನಿಗೆ ಮರಳಿದಳು. "ಮೂಗು ಮಾತ್ರ ದೊಡ್ಡದು ಮಾಡಿಟ್ಟಿದ್ದೀರಿ."

"ಇಲ್ಲಮ್ಮ, ಚಿಕ್ಕದು ಮಾಡಿದಾನೆ!" ಎಂದು ಬೂಲಿನ್ ಕೂಗಿದ. ಆ ದಿನ ಅವನಿಗೆ ಸರಿಯಾಗಿ ಕೇಳಿಸಿದ ಮಾತು ಅದೊಂದೇ.

ಎಲ್ಲರೂ ಈಗ ಥುನ್ಮನ್‌ನತ್ತ ತಿರುಗಿದರು. ಅವನು ಸುಟ್ಟ ಜಾಗವನ್ನು ಕೋಟಿನ ಮೇಲಿನಿಂದಲೇ ಉಜ್ಜಿಕೊಳ್ಳುತ್ತ ನಿಂತಿದ್ದ.

"ಹೇಳಪ್ಪ ಹೋಕನ್. ಈ ಮುಖದಲ್ಲಿ ಏನು ಕೊರತೆ?"

"ಕೊರತೆ ಇಲ್ಲ."

"ಮತ್ತೆ ಯಾಕೆ ನಡೆಯಲ್ಲ ಅಂದೆ?"

"ಕತ್ತೆತ್ತಿದ್ರೆ ನೀನು, ಇವತ್ತಿಗೂ ಸೇತುವೆ ಮೇಲಿಂದ ದೂರದಲ್ಲೇ ನಾನು ನೋಡೋ ಮುಖ! ನಾನು ಈ ವಯಸ್ಸಲ್ಲಿ, ಯಜಮಾನ ಅಂತ ಕೂತಿರೋವಾಗ, ರೆಕ್ಕೆ ಕಟ್ಕೊಂಡು ಗೋಡೆ ಮೇಲಿಂದ ನೀನು! ಬೆನ್ನಲ್ಲಿ ಹಾವುಮೀನು ಹರಿದ ಹಾಗಾಯ್ತು." ಅವನು ಕೃತಕಗೂದಲನ್ನು ತೆಗೆದು ಮೇಜಿನ ಮೇಲಿಟ್ಟು ಬೋಳುತಲೆ ಒರೆಸಿಕೊಂಡ. ಅದು ತೆಗೆದ ಮೇಲೆ ಸಾಧಾರಣ ಮನುಷ್ಯನ ಹಾಗೆ ಕಂಡ. "ಕೆತ್ತನೆ ಅಪ್ಪಟವಾಗಿದೆ. ಹುಡುಗ ಕಸುಬು ಬಲ್ಲವನು. ಆಗ ನಾನು ಆಡಿದ್ದು ತಪ್ಪು."

"ತಪ್ಪು ಅಂತ ಅವನಿಗೆ ಹೇಳು."

ಥುನ್ಮನ್ ಎಸ್ಕಿಲ್‌ಗೆ ಹೇಳಿದ. ಬೂಲಿನ್ "ಒಪ್ಪಿಗೆ, ಒಪ್ಪಿಗೆ" ಎಂದು ಒದ್ದೆ ತೊಡೆಯನ್ನೇ ತಟ್ಟಿಕೊಂಡ. ಹೀಗೆ ಎಸ್ಕಿಲ್ ಬ್ರಾಂಟ್ ಮೇಸ್ತ್ರಿಯಾದ. ಅವನ ಕೈ ಕುಲುಕಿ ಅಭಿನಂದಿಸಿದ ಹಿರಿಯರಿಬ್ಬರ ಕೈಗೂ ಹೆರಿಂಗ್ ವಾಸನೆ ಹತ್ತಿತು, ಯಾಕೆಂದರೆ ಬುಟ್ಟಿ ಇನ್ನೂ ಅವನ ಬಳಿಯೇ ಇತ್ತು. ಸಿಗ್ರಿದ್ ಮೂಗರಳಿಸಿ, "ಆವಾಗಿಂದ ಏನೋ ಘಮ್ಮಂತಿದೆ. ನನಗೂ ಒಂದು ಬಟ್ಟಲು ಹುಯ್ರಿ, ಪಹರೆಯವರಿಗೆ ಹೇಳಲ್ಲ" ಎಂದು ಕುರ್ಚಿ ಎಳೆದುಕೊಂಡು ಕನ್ನಡಿಗೆ ಎದುರಾಗಿ ಕುಳಿತಳು.

ಆ ಕನ್ನಡಿಯನ್ನು ಮಾರಬೇಕೆಂದಿದ್ದ ಎಸ್ಕಿಲ್. "ಅಮ್ಮನ್ನ ಮಾರ್ತೀರಾ?" ಎಂದು ಅತ್ತೆ ಕೇಳಿದ ಮೇಲೆ ಆ ಮಾತು ಮುಗಿಯಿತು. ಅದನ್ನು ಮನೆಯಲ್ಲೇ ತೂಗುಹಾಕಿದರು. ಉಳಿದ ಕನ್ನಡಿಗಳನ್ನೂ ಸಿಗ್ರಿದ್ ತಾನೇ ಒಂದೊಂದಾಗಿ ಇತ್ತ ತಿರುಗಿಸಿದಳು. ಹಿಂದೆ ಸೈತಾನನಿಲ್ಲ, ಜೇಡರ ಬಲೆ ಇತ್ತು. ಅದಕ್ಕೂ ಮಗಳನ್ನೇ ಬೈದಳು. ಈಗ ಎಸ್ಕಿಲ್‌ಗೆ ಹೊಸ ತೊಂದರೆ. ಗಿರಾಕಿಗಳು ಕನ್ನಡಿ ನೋಡಲು ಬಂದರೆ ಎಲ್ಲದರಲ್ಲೂ ಅತ್ತೆಯೇ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿರುತ್ತಿದ್ದಳು. ಸರಿಯುವ ಮೊದಲು ಗಿರಾಕಿಯ ಟೋಪಿಯ ಬಗ್ಗೆಯೂ ಒಂದು ಮಾತು ಹೇಳುತ್ತಿದ್ದಳು. ದೇವದೂತರ ಸಹವಾಸವನ್ನಂತೂ ಎಸ್ಕಿಲ್ ಪೂರ್ತಿ ಬಿಟ್ಟ. ಬ್ರಾಂಟ್ ಮೇಸ್ತ್ರಿಯ ಮುದ್ರೆ ಬಿದ್ದ ಕನ್ನಡಿಗಳ ನೆತ್ತಿಯ ಮೇಲೆ ಚಿಪ್ಪೋ ಹೂವಿನ ಗೊಂಚಲೋ ಇರುತ್ತಿತ್ತು. ಕಾಯ್ಸಾ ಮತ್ತೆ ಸಾರು ಬಡಿಸಿದಳು.

ಸುಗ್ಗಿ ಮುಗಿದು ಗಾಳಿ ತಣ್ಣಗಾಗುವ ಹೊತ್ತಿಗೆ ಮುಂಕ್‌ಬ್ರೂ ಕಟ್ಟೆಯವರು ಒಂದು ವಿಚಿತ್ರ ಕಂಡರು. ಸಂಘದ ಯಜಮಾನ ಥುನ್ಮನ್ ಶನಿವಾರಗಳಂದು ತಾನೇ ನಡೆದು ಬಂದು ಹೆರಿಂಗ್ ಕೊಳ್ಳತೊಡಗಿದ್ದ. ಕೃತಕಗೂದಲನ್ನು ಮನೆಯಲ್ಲೇ ಬಿಟ್ಟು ಉಣ್ಣೆಯ ಟೋಪಿ ಹಾಕಿಕೊಂಡು ಬರುತ್ತಿದ್ದ. ಕೊಂಡ ಮೀನನ್ನು ಈಗ ನೀರಿಗೆ ಎಸೆಯುತ್ತಿರಲಿಲ್ಲ, ಹುರಿದು ತಿನ್ನುತ್ತಿದ್ದನಂತೆ. ಮೊದಲ ಹಿಮ ಬಿದ್ದ ದಿನ ಅವನು ಕೊನೆಗೂ ಬಾಯಿ ತೆರೆದ.

"ಸಿಗ್ರಿದ್, ಅವತ್ತು ಕೇಳಿದ್ದನ್ನ ಇನ್ನೊಂದ್ಸಲ ಕೇಳಬಹುದಾ?"

"ಮೊಣಕಾಲೂರಬೇಡ, ಮಾರಾಯ. ಎಬ್ಬಿಸೋಕೆ ನನ್ನ ಕೈಲಾಗಲ್ಲ."

"ಊರಲ್ಲ."

ಅವಳು ಸುತ್ತ ನೋಡಿದಳು. ಗಿರಾಕಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಎತ್ತಿ ಅವನ ತೋಳಿಗೆ ಸಿಕ್ಕಿಸಿದಳು.

"ಯೋಚ್ನೆ ಮಾಡೋಣ. ಅಲ್ಲೀವರೆಗೆ ಇದನ್ನ ಹೊತ್ಕೊಂಡು ಬಾ. ನೇರವಾಗಿ ಹಿಡಿ, ನೀರು ಚೆಲ್ಲುತ್ತೆ."

ಅವಳು ಮುಂದೆ ನಡೆದಳು. ಯಜಮಾನ ಥುನ್ಮನ್ ಬೆಳ್ಳಿಯ ಗುಂಡಿಗಳ ಮೇಲೆ ಉಪ್ಪುನೀರು ಸುರಿಸಿಕೊಳ್ಳುತ್ತ, ಹಿಮದಲ್ಲಿ ಜಾರದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಕಟ್ಟೆಯವರೆಲ್ಲ ನೋಡನೋಡುತ್ತಿದ್ದಂತೆ ಅವಳ ಹಿಂದೆ ಓಣಿಯ ಏರು ಹತ್ತಿದ.